ಉಪ್ಪು ಇಳಿಸಿದ ಮಣ್ಣು

ಚಿನ್ನದ ಗಣಿಯ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ, ಊರಿಗಾಂನ ಆ ಲೈನ್ ಮನೆಗಳಿಗೆ ಅಂಗಳ ಎಂಬುದಿಲ್ಲ. ಹೊಸಿಲು ದಾಟಿದರೆ ಬೀದಿ. ಗಂಗರತ್ನಮ್ಮನ ಮನೆ ಮಾತ್ರ ಸಾಲಿನ ಕೊನೆಯದಾದ್ದರಿಂದ ಅದಕ್ಕೆ ಪಕ್ಕದಲ್ಲಿ ಒಂದಿಷ್ಟು ನೆಲವಿತ್ತು. ಮಾವ ಗಣಿಗೆ ಇಳಿಯುತ್ತಿದ್ದ ಕಾಲದಲ್ಲಿ ಸಿಕ್ಕ ಮನೆ. ಗಣಿ ಮುಚ್ಚಿತು, ಮಾವನೂ ಹೋದರು, ನೆಲ ಉಳಿಯಿತು. ಹಳೆಯ ತಗಡುಗಳನ್ನು ನಿಲ್ಲಿಸಿ ಬೇಲಿ ಮಾಡಿಕೊಂಡು ಅವಳು ಅಲ್ಲಿ ಅವರೆ, ಬದನೆ, ಒಂದು ಕರಿಬೇವು ಬೆಳೆಸಿದ್ದಳು. ಬೇತಮಂಗಲದ ಹತ್ತಿರದ ಹಳ್ಳಿಯವಳು. ಕೈಗೆ ಮಣ್ಣು ತಾಗದಿದ್ದರೆ ಅವಳಿಗೆ ದಿನ ಕಳೆಯುತ್ತಿರಲಿಲ್ಲ.

ಗಂಡ ವೆಂಕಟೇಶಪ್ಪ ಕಾರ್ಖಾನೆಯಲ್ಲಿ ಕುಲುಮೆಯ ವಿಭಾಗದಲ್ಲಿದ್ದವನು. ಕಬ್ಬಿಣದ ತುಂಡುಗಳನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುವ ಕೆಲಸ. ಮೂರು ಶಿಫ್ಟಿನಲ್ಲೂ ದುಡಿದು ದುಡಿದು, ಮನೆಯಲ್ಲಿ ಕೂತಾಗಲೂ ಹೊತ್ತನ್ನು ಶಿಫ್ಟಿನಲ್ಲೇ ಅಳೆಯುತ್ತಿದ್ದ. ಗಂಗರತ್ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅವಳ ಕೈಯ ಉಪ್ಪಿನ ಅಂದಾಜು ಆ ಲೈನಿಗೆಲ್ಲ ಗೊತ್ತಿತ್ತು. ಎಷ್ಟು ದೊಡ್ಡ ಪಾತ್ರೆಯಾದರೂ ಸರಿ, ಹಿಡಿ ತುಂಬಿ ಒಮ್ಮೆ ಎರಚಿದರೆ ಮುಗಿಯಿತು, ರುಚಿ ನೋಡುವ ಮಾತೇ ಇಲ್ಲ. ಯಾರ ಮನೆಯಲ್ಲಿ ಮದುವೆಯೋ ನಾಮಕರಣವೋ ಆದರೆ, ಉಪ್ಪು ಹಾಕುವ ಹೊತ್ತಿಗೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು.

ಎರಡು ವರ್ಷದ ಹಿಂದೆ ವೆಂಕಟೇಶಪ್ಪನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ಗಂಗರತ್ನಮ್ಮ ಶಾಲೆಯ ಕೆಲಸ ಬಿಟ್ಟಳು. ಆಮೇಲೆ ಅವಳ ಅಡುಗೆಮನೆಯಲ್ಲಿ ಉಪ್ಪಿನ ಜಾಡಿ ಅಟ್ಟಕ್ಕೇರಿತು. ತರಕಾರಿಯನ್ನು ಹೆಚ್ಚಿ ನೀರಲ್ಲಿ ನೆನೆಸಿ, ಬೇಯಿಸಿ, ಬಸಿದ ನೀರನ್ನು ಚೆಲ್ಲಿ, ಉಳಿದ ಸಪ್ಪೆಯನ್ನು ಅವನಿಗೆ ಬಡಿಸಬೇಕು. ಬಾಳೆಹಣ್ಣು ಬೇಡ, ಎಳನೀರು ಬೇಡ. ಕುಡಿಯುವ ನೀರಿಗೂ ಅಳತೆ. ಬೆಳಿಗ್ಗೆ ಒಂದು ಬಾಟಲಿ ತುಂಬಿಸಿಡುವಳು, ಕಾಫಿಯೂ ಅದರಲ್ಲೇ, ಮಾತ್ರೆ ನುಂಗುವುದೂ ಅದರಲ್ಲೇ. "ಸಾಕು" ಅನ್ನುವ ಮಾತು ಅವಳ ಬಾಯಲ್ಲಿ ದಿನವೆಲ್ಲ ಇರುತ್ತಿತ್ತು.

ಡಯಾಲಿಸಿಸ್‌ಗೆ ಬಂಗಾರಪೇಟೆಗೆ ಹೋಗಬೇಕಿತ್ತು. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲು ಹಿಡಿದರೆ ಸರಿಹೋಗುತ್ತಿತ್ತು. ಒಬ್ಬಳೇ ಮಗಳು ಭಾರ್ಗವಿ ಮಾಲೂರಿನಲ್ಲಿ, ಕೈಗೂಸಿನ ತಾಯಿ. ಹಾಗಾಗಿ ಲೈನಿನವರು ತಮ್ಮೊಳಗೇ ಸರದಿ ಮಾಡಿಕೊಂಡರು. ಪಕ್ಕದ ಮನೆಯ ಸೆಲ್ವಿ ಒಂದು ದಿನ, ಅವಳ ಗಂಡ ಆಟೋ ಓಡಿಸುವ ರಾಜ್‌ಕುಮಾರ್ ಒಂದು ದಿನ, ಎದುರು ಮನೆಯವರು ಇನ್ನೊಂದು ದಿನ. ಯಾರೂ ಕರೆಯದೆಯೇ ಬಂದು ಅವನ ಚೀಲ ಎತ್ತಿಕೊಳ್ಳುತ್ತಿದ್ದರು.

ಒಂದು ದಿನ ವಾಪಸು ಬರುವಾಗ, ಕಿಟಕಿಯ ಕಂಬಿಗೆ ತಲೆಯಾನಿಸಿಕೊಂಡು ವೆಂಕಟೇಶಪ್ಪ ಹೇಳಿದ:

"ಗಂಗಾ, ಲೈನ್‌ಗೆಲ್ಲ ಒಂದು ಊಟ ಆಕ್ಬೇಕು."

"ಆಕೋಣ. ವಾಸಿಯಾಗ್ಲಿ."

"ವಾಸಿ ಆಗೋ ಕಾಯ್ಲೆ ಏನೇ ಇದು? ಅದ್ಕಲ್ಲ. ಹೋಟ್ಲಿಂದ ತರಿಸೋ ಊಟ ಅಲ್ಲ. ನಮ್ ನೆಲದಾಗೆ ಬೆಳ್ದಿದ್ದು ಆಗ್ಬೇಕು. ಒಂದೇ ಗುಂಬಳಕಾಯಿ, ಎಲ್ಲಾರ ಎಲೆಗೂ ಸಾಲ್ಬೇಕು. ನಾನೇ ಮಚ್ಚು ಆಕಿ ಒಡೀತೀನಿ."

"ಎಲ್ಲಾರ ಎಲೆಗೂ? ಅಂಗಾರೆ ಆನೆ ಮರಿಯಷ್ಟು ಬೆಳೀಬೇಕು."

"ಬೆಳೆಸು. ಬೇತಮಂಗಲದೋಳು ಅಂತ ಮೆರೀತೀಯಲ್ಲ."

ಬೀಜ ಅವಳ ತವರಿನಿಂದಲೇ ಬಂತು. ಅಣ್ಣನ ಹೊಲದಲ್ಲಿ ದೊಡ್ಡ ಕಾಯಿ ಬಿಡುವ ತಳಿ ಇತ್ತು. ಮೇ ತಿಂಗಳ ಮಳೆಗೆ ಬೇಲಿಯ ಬದಿ ಗುಂಡಿ ತೋಡಿ, ಕಳಿತ ಗೊಬ್ಬರ ತುಂಬಿ, ಬೀಜ ಊರಿದಳು. ಬಳ್ಳಿ ಹಟ ಹಿಡಿದಂತೆ ಎದ್ದಿತು. ಎಲೆಗಳು ಮೊರದಗಲ ಆದವು. ವೆಂಕಟೇಶಪ್ಪ ದಿನವೂ ಸ್ಟೂಲು ಹಾಕಿಕೊಂಡು ಅದರ ಎದುರು ಕೂರುತ್ತಿದ್ದ. ಅವನ ಮುಖದಲ್ಲಿ ಕುಲುಮೆಯ ಮುಂದೆ ನಿಂತಿದ್ದಾಗಿನ ಗಮನ ಮತ್ತೆ ಬಂದಿತ್ತು. ಗಂಗರತ್ನಮ್ಮ ಅದನ್ನು ಕಂಡು ದೂರದಿಂದಲೇ ಸಮಾಧಾನ ಪಡುತ್ತಿದ್ದಳು.

ಆಷಾಢದಲ್ಲಿ ಹೂ ಉದುರತೊಡಗಿತು. ಒಂದು ಬೆಳಿಗ್ಗೆ ನೋಡಿದರೆ ಎಲೆಗಳ ಅಂಚು ಬೆಂಕಿಗೆ ಹಿಡಿದ ಕಾಗದದಂತೆ ಸುಟ್ಟು ಸುರುಳಿಯಾಗಿತ್ತು. ಬುಡದ ಮಣ್ಣಿನ ಮೇಲೆ ತೆಳ್ಳನೆಯ ಬಿಳಿ ಪೊರೆ. ಅವಳು ಬೆರಳಿಂದ ಕೆರೆದು ನೋಡಿದಳು. ತವರಿನಲ್ಲಿ, ಕೆರೆಯ ಕೆಳಗಿನ ಚೌಳು ಹತ್ತಿದ ಗದ್ದೆಯಲ್ಲಿ ಅಂಥ ಪೊರೆಯನ್ನು ಕಂಡಿದ್ದಳು.

"ಏನಾಕಿದ್ರಿ ಇದ್ಕೆ?"

ವೆಂಕಟೇಶಪ್ಪನ ಕಣ್ಣು ಬೇಲಿಯ ಕಡೆ ಹೋಯಿತು. ಅವಳು ಹುಡುಕಿದಳು. ಕಾರ್ಖಾನೆಗೆ ಒಯ್ಯುತ್ತಿದ್ದ ಅವನ ಹಳೆಯ ಊಟದ ಡಬ್ಬಿ ಬೇಲಿಯ ಸಂದಿಯಲ್ಲಿತ್ತು. ಒಂದು ಖಾನೆಯಲ್ಲಿ ಯೂರಿಯಾ, ಇನ್ನೊಂದರಲ್ಲಿ ಕೆಂಪು ಪೊಟ್ಯಾಷ್, ಮತ್ತೊಂದರಲ್ಲಿ ಕೋಳಿ ಗೊಬ್ಬರ.

"ಮೂರು ಶಿಫ್ಟು" ಎಂದ ಅವನು, ತಪ್ಪು ಮಾಡಿದ ಹುಡುಗನಂತೆ. "ಬೆಳಿಗ್ಗೆ ಗೊಬ್ಬರ, ಮಧ್ಯಾಹ್ನ ಯೂರಿಯಾ, ಸಾಯಂಕಾಲ ಪೊಟ್ಯಾಷ್. ನೀನು ಬಟ್ಟೆ ಒಗ್ಯಾಕೆ ಓದಾಗ."

"ದಿನಾನೂ?"

"ಭಾನುವಾರ ಓವರ್‌ಟೈಮೂ ಕೊಟ್ಟೆ."

ಬೇಲಿಯಾಚೆ ಪಾತ್ರೆ ತೊಳೆಯುತ್ತಿದ್ದ ಸೆಲ್ವಿಗೆ ನಗು ತಡೆಯಲಾಗಲಿಲ್ಲ. "ಐಯೋ ಅಣ್ಣಾ! ಅದು ಗಿಡಾನಾ, ನಿಮ್ ಮೆಷಿನ್ನಾ? ಯೂನಿಯನ್ ಕಟ್ಟಿ ಸ್ಟ್ರೈಕ್ ಮಾಡೈತೆ ನೋಡಿ, ಪಾಪ, ಪಾವಂ!"

ವೆಂಕಟೇಶಪ್ಪನೂ ನಕ್ಕ. ಗಂಗರತ್ನಮ್ಮ ನಗಲಿಲ್ಲ. ಆಗ ಅವನು ತಲೆ ತಗ್ಗಿಸಿ, ಡಬ್ಬಿಯ ಮುಚ್ಚಳ ತಿರುವುತ್ತ ಹೇಳಿದ: "ನಂಗೆ ಇದು ಬ್ಯಾಡ, ಅದು ಬ್ಯಾಡ ಅಂತೀರಲ್ಲ. ನಂಗೆ ಬ್ಯಾಡ ಅಂದಿದ್ದೆಲ್ಲಾ ಅದಾದ್ರೂ ತಿನ್ಲಿ ಅಂದ್ಕಂಡೆ ಕಣೇ."

ಅವಳು ಅವನ ಕೈಯಿಂದ ಮುಚ್ಚಳ ತೆಗೆದುಕೊಂಡು ಡಬ್ಬಿ ಮುಚ್ಚಿದಳು.

ಮಣ್ಣು ತೋರಿಸುವುದೆಂದು ತೀರ್ಮಾನವಾಯಿತು. ಬಳ್ಳಿಯ ಸುತ್ತ ನಾಲ್ಕಾರು ಕಡೆ ಗೇಣುದ್ದ ಅಗೆದು, ಅಂಚಿನ ಮಣ್ಣನ್ನು ಕೆರೆದು ಒಟ್ಟು ಮಾಡಿ, ನೆರಳಲ್ಲಿ ಆರಿಸಿ, ಬಟ್ಟೆಯ ಚೀಲಕ್ಕೆ ಕಟ್ಟಿದಳು. ಡಯಾಲಿಸಿಸ್‌ಗೆ ಹೋದ ದಿನವೇ ಬಂಗಾರಪೇಟೆಯ ಕೃಷಿ ಕಚೇರಿಯಲ್ಲಿ ಕೊಟ್ಟಳು. ಬೋರ್‌ವೆಲ್ಲಿನ ನೀರನ್ನೂ ಒಂದು ಬಾಟಲಿಯಲ್ಲಿ ಕೊಟ್ಟಳು. ಅದನ್ನು ಕೇಳಿ ತರಿಸಿಕೊಂಡಿದ್ದು ಅಲ್ಲಿನ ಅಧಿಕಾರಿ ಶ್ರುತಿ. ವಯಸ್ಸಿನಲ್ಲಿ ಭಾರ್ಗವಿಯಷ್ಟೇ ಇದ್ದ ಹುಡುಗಿ. ಫಲಿತಾಂಶ ಬಂದ ದಿನ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಸಾವಧಾನವಾಗಿ ಹೇಳಿದಳು.

"ಅಮ್ಮಾ, ನಿಮ್ಮ ಮಣ್ಣಲ್ಲಿ ಕೊರತೆ ಅನ್ನೋದೇ ಇಲ್ಲ. ಎಲ್ಲಾ ಜಾಸ್ತಿ. ಉಪ್ಪಿನಂಶ ಏರಿಬಿಟ್ಟಿದೆ."

"ಜಾಸ್ತಿ ಇದ್ರೆ ಒಳ್ಳೇದಲ್ವಾ ಮೇಡಂ? ದೊಡ್ಡ ಕಾಯಿ ಬೇಕಲ್ಲ ನಮಗೆ" ಎಂದ ವೆಂಕಟೇಶಪ್ಪ.

"ಮಣ್ಣಲ್ಲಿ ಉಪ್ಪು ಜಾಸ್ತಿ ಆದ್ರೆ ಬೇರಿಗೆ ನೀರು ಎಳ್ಕೊಳೋಕೆ ಆಗಲ್ಲ ಸರ್. ಸುತ್ತ ನೀರಿದ್ರೂ ಗಿಡಕ್ಕೆ ದಾಹ."

ಗಂಗರತ್ನಮ್ಮ ಗಂಡನ ಕಡೆ ನೋಡದೆ ಕೇಳಿದಳು: "ಈಗೇನು ಆಕ್ಬೇಕಮ್ಮಾ?"

"ಏನೂ ಹಾಕಬೇಡಿ. ಅದೇ ಔಷಧಿ. ಗುಂಡಿಯಿಂದ ನೀರು ಹೊರಕ್ಕೆ ಹೋಗೋ ಹಾಗೆ ಕಾಲುವೆ ಬಿಡಿಸಿ. ಒಳ್ಳೆ ನೀರು ನಿಧಾನವಾಗಿ ಬಿಡಿ. ಅದು ಇಂಗಿ ಹೋಗ್ಲಿ, ಆಮೇಲೆ ಮತ್ತೆ ಬಿಡಿ. ಒಂದೇ ಸಲ ಸುರಿದು ಬುಡ ಕೊಳೆಸಬೇಡಿ. ಬೋರ್ ನೀರು ಬೇಡವೇ ಬೇಡ, ಅದರಲ್ಲೂ ಉಪ್ಪಿದೆ. ಇಳಿದು ಬಂದ ನೀರು ಬೇರೆ ಗಿಡಕ್ಕಾಗಲಿ ಬಾವಿ ಕಡೆಗಾಗಲಿ ಹೋಗದ ಹಾಗೆ ನೋಡ್ಕೊಳ್ಳಿ. ಹೊಸ ಎಲೆ ಅಂಚು ಸುಡದೆ ಬಂತು ಅಂದ್ರೆ ಗಿಡ ಬದುಕ್ತು ಅಂತ. ಅಷ್ಟೊತ್ತಿಗೆ ಇನ್ನೊಂದು ಸಲ ಮಣ್ಣು ತನ್ನಿ, ನೋಡೋಣ. ಕಾಯಿ ಕಚ್ಚಿದ ಮೇಲೆ ಒಂದನ್ನೇ ಉಳಿಸಿ. ಆಗ ಬೇಕಾದ್ರೆ ಚಮಚದ ಲೆಕ್ಕದಲ್ಲಿ ಪೊಟ್ಯಾಷ್, ನೀರಲ್ಲಿ ಕರಗಿಸಿ. ಹಿಡಿಯ ಲೆಕ್ಕ ಬೇಡ."

ಎದ್ದು ಹೊರಟವರನ್ನು ಅವಳು ಮತ್ತೆ ಕರೆದು ವೆಂಕಟೇಶಪ್ಪನಿಗೆ ಹೇಳಿದಳು: "ಸರ್, ಏನಾದ್ರೂ ಹಾಕ್ಲೇಬೇಕು ಅಂತ ಕೈ ತುರಿಸಿದ್ರೆ, ನನಗೊಂದು ಫೋನ್ ಹಾಕಿ."

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಪಾನಿಪುರಿಯ ಗಾಡಿಗಳು. ಬಂಗಾರಪೇಟೆಯ ಪಾನಿಗೆ ಬಣ್ಣವಿಲ್ಲ. ಗಾಜಿನ ಜಾಡಿಯಲ್ಲಿ ಒರತೆಯ ನೀರಿನಷ್ಟು ತಿಳಿಯಾಗಿ ನಿಂತಿರುತ್ತದೆ. ವೆಂಕಟೇಶಪ್ಪ ಅದರ ಮುಂದೆ ಯಾವಾಗಲೂ ನಡಿಗೆ ನಿಧಾನ ಮಾಡುತ್ತಿದ್ದ.

"ಗಂಗಾ, ಪೂರಿ ಬ್ಯಾಡ. ಬರೀ ನೀರು ಎಷ್ಟು ಅಂತ ಕೇಳು."

"ಉಪ್ಪೂ ಐತೆ, ನೀರೂ ಐತೆ. ನಿಮಗೆ ಆಗದಿರೋದು ಎರಡೂ ಒಂದೇ ಜಾಡೀಲಿ. ನಡೀರಿ."

"ಕೇಳು ಅಂದೆ. ಕುಡೀತೀನಿ ಅಂದ್ನಾ?" ಎನ್ನುತ್ತ ಅವನು ಅವಳ ಹಿಂದೆ ಹೆಜ್ಜೆ ಹಾಕಿದ.

ಒಳ್ಳೆಯ ನೀರೆಂದರೆ ಬೇತಮಂಗಲದ ನೀರು. ಅದು ಬೀದಿಯ ನಲ್ಲಿಯಲ್ಲಿ ಬರುವುದು ವಾರಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ತಡವಾಗಿ. ಗಂಗರತ್ನಮ್ಮ ಬಟ್ಟೆಗೆ, ಪಾತ್ರೆಗೆ ಬೋರ್ ನೀರು ಬಳಸಿ ನಲ್ಲಿಯ ನೀರನ್ನು ಬಳ್ಳಿಗೆ ಉಳಿಸಿದಳು. ರಾಜ್‌ಕುಮಾರ್ ಹಾರೆ ತಂದು ಕಾಲುವೆ ಬಿಡಿಸಿ, ಅದರ ಕೊನೆಯಲ್ಲಿ ಯಾವ ಗಿಡವೂ ಇಲ್ಲದ ಕಲ್ಲುನೆಲದಲ್ಲಿ ಒಂದು ಇಂಗುಗುಂಡಿ ತೋಡಿದ. ಅವಳು ತಳಕ್ಕೆ ಸಣ್ಣ ತೂತು ಮಾಡಿದ ಬಿಂದಿಗೆಯನ್ನು ಬುಡದ ಹತ್ತಿರ ಇಟ್ಟು ತುಂಬಿಸುವಳು. ನೀರು ಎಳೆಯಾಗಿ ಇಳಿದು ಮಣ್ಣೊಳಗೆ ಹೋಗುವುದು. ಬಹಳ ಹೊತ್ತಾದ ಮೇಲೆ ಕಾಲುವೆಯ ಬಾಯಲ್ಲಿ ಕಂದು ಬಣ್ಣದ ನೀರು ಜಿನುಗುವುದು.

ವೆಂಕಟೇಶಪ್ಪ ಸ್ಟೂಲಿನ ಮೇಲೆ ಕೂತು ಎರಡು ಕಡೆಯನ್ನೂ ನೋಡುತ್ತಿದ್ದ. ಒಳಗೆ ಹೋಗುವ ತಿಳಿ ನೀರು, ಹೊರಗೆ ಬರುವ ಕೊಳೆ ನೀರು.

"ಇದ್ಕೂ ಡಯಾಲಿಸಿಸ್ ಮಾಡ್ತಿದೀಯ."

"ಊಂ."

"ಇದಕ್ಕೆ ರೈಲಿಲ್ಲ, ಸೂಜಿಯಿಲ್ಲ. ಪುಣ್ಯ ಮಾಡೈತೆ."

ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಳ್ಳುತ್ತಿದ್ದ. ಬಿಂದಿಗೆಯ ಬಾಯಿಂದ ಚೆಲ್ಲಿದ ನೀರಿಗೆ ಕೈಯೊಡ್ಡಿ, ಆ ಒದ್ದೆ ಕೈಯನ್ನು ಕತ್ತಿಗೆ, ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ. ಬಾಯಿಗೆ ಮಾತ್ರ ಒಯ್ಯುತ್ತಿರಲಿಲ್ಲ. ಗಂಗರತ್ನಮ್ಮ ಅದನ್ನು ನೋಡಲಾಗದೆ ಒಳಗೆ ಹೋಗಿ ಏನಾದರೊಂದು ಕೆಲಸ ಹಿಡಿಯುವಳು. ತಾನು ಒಂದು ಜೀವಕ್ಕೆ ಕೊಡವನ್ನೇ ಬಗ್ಗಿಸುತ್ತಿದ್ದೇನೆ, ಇನ್ನೊಂದಕ್ಕೆ ಲೋಟವನ್ನು ಅಡಗಿಸಿಡುತ್ತಿದ್ದೇನೆ. ಎರಡೂ ಉಳಿಯಲಿ ಎಂದೇ.

ಸುಟ್ಟ ಎಲೆಗಳು ಉದುರಿಹೋದವು. ಶ್ರಾವಣದ ಕೊನೆಗೆ ಒಂದು ಚಿಗುರು ಅಂಚು ಕೆಡದೆ, ಎಳೆ ಹಸಿರಾಗಿ ಬಿಚ್ಚಿಕೊಂಡಿತು. ಎರಡನೆಯ ಸಲ ಕೊಟ್ಟ ಮಣ್ಣಿನಲ್ಲಿ ಉಪ್ಪು ಇಳಿದಿತ್ತು. ಹೂ ನಿಂತಿತು. ಕಚ್ಚಿದ ಕಾಯಿಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಗಂಗರತ್ನಮ್ಮ ಚಿವುಟಿದಳು. ಉಳಿದ ಕಾಯಿಗೆ ಹುಲ್ಲಿನ ಮೆತ್ತೆ ಹಾಸಿ, ಬಿಸಿಲಿಗೆ ತನ್ನ ಹಳೆಯ ಸೀರೆಯ ನೆರಳು ಕಟ್ಟಿದಳು. ಅದು ಮೊದಲು ಚೊಂಬಿನಷ್ಟಾಯಿತು, ಆಮೇಲೆ ಕೊಡದಷ್ಟು. ದಸರಾ ಕಳೆದು ದೀಪಾವಳಿ ಬರುವ ಹೊತ್ತಿಗೆ ಕೂತ ಕರುವಿನಷ್ಟಾಯಿತು. ಆನೆ ಮರಿಯಷ್ಟೇನೂ ಆಗಲಿಲ್ಲ. ಆ ಮೂರು ಶಿಫ್ಟಿನ ಸುಡುವಿಕೆ ಬಳ್ಳಿಯ ಅರ್ಧ ಬಲವನ್ನು ತಿಂದಿತ್ತು.

"ಸಾಲ್ತದಾ ಎಲ್ಲಾರಿಗೂ?" ಅವನು ಕೇಳುತ್ತಿದ್ದ.

"ತೆಳ್ಳಗೆ ಎಚ್ಚಿದ್ರೆ ಸಾಲ್ತದೆ."

"ಒಂದಿಷ್ಟು ಪೊಟ್ಯಾಷ್..."

"ಸಾಕು."

"ಫೋನಾದ್ರೂ ಆಕ್ಲಾ ಆ ಹುಡುಗೀಗೆ?"

"ಸಾಕು ಅಂದ್ನಲ್ಲ. ತೊಟ್ಟು ಒಣಗೋ ತನಕ ಕಾಯ್ರಿ. ಆಮೇಲೆ ನೀವೇ ಮಚ್ಚು ಆಕೀರಂತೆ."

ಅವನು ಮಚ್ಚನ್ನು ಮಸೆಸಿ ತರಿಸಿ, ಗೋಣಿ ಸುತ್ತಿ, ಮಂಚದ ಕೆಳಗೆ ಇಟ್ಟುಕೊಂಡಿದ್ದ. ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಏಟು ಹಾಕುವುದಿಲ್ಲ ಎಂಬ ಪದ್ಧತಿ ಆ ಮನೆಗಳಲ್ಲಿ ಇನ್ನೂ ಇತ್ತು. ಅವನಿಗೆ ಆ ಪದ್ಧತಿಗಿಂತ ಆ ಏಟು ಮುಖ್ಯವಾಗಿತ್ತು. ತನ್ನ ಚೀಲ ಹೊತ್ತವರ ಮುಂದೆ ಒಂದು ಸಲ ತನ್ನ ತೋಳು ಎತ್ತಬೇಕಿತ್ತು.

ಆ ಸಂಜೆ ಸೆಕೆಯಿತ್ತು. ಬಾಟಲಿಯ ನೀರು ಬೇಗನೆ ಮುಗಿದಿತ್ತು.

"ಗಂಗಾ, ಅರ್ಧ ಲೋಟ."

ಅವಳು ಅವನ ಕಾಲಿನ ಊತವನ್ನು ಬೆರಳಿಂದ ಒತ್ತಿ ನೋಡಿದಳು. ಗುಳಿ ಬಿದ್ದಿದ್ದು ಹಾಗೇ ಉಳಿಯಿತು. "ನಾಳೆ ಬೆಳಿಗ್ಗೆ ಬಂಗಾರಪೇಟೆಗೆ ಓಗ್ತೀವಲ್ಲ. ಅದಾದ ಮೇಲೆ ಕೊಡ್ತೀನಿ, ಸೆಲ್ವಿ ಮನೆ ಫ್ರಿಜ್ಜಿಂದ, ತಣ್ಣಗೆ."

"ಸರಿ. ಅರ್ಧ ಲೋಟ ಬಾಕಿ. ಮರೀಬ್ಯಾಡ."

ಬೆಳಿಗ್ಗೆ ರೈಲಿಗೆ ಎಬ್ಬಿಸಲು ಹೋದಾಗ ವೆಂಕಟೇಶಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ಮೈ ಆಗಲೇ ತಣ್ಣಗಾಗಿತ್ತು. ಚೀಲ ಹೊರಲು ಬಂದ ರಾಜ್‌ಕುಮಾರ್ ಹೊಸಿಲಿನಲ್ಲೇ ನಿಂತುಬಿಟ್ಟ.

ಸಾಯುವವರ ಬಾಯಿಗೆ ನೀರು ಬಿಡುವುದು ಬದುಕಿರುವವರ ಕೊನೆಯ ಕೆಲಸ. ಅದು ಆಗಿರಲಿಲ್ಲ. ಮಗಳು ಬಂದು ಅತ್ತಳು, ವೆಂಕಟೇಶಪ್ಪನ ಅಣ್ಣನ ಮಗ ಬಂದು ಕ್ರಿಯೆ ಮಾಡಿದ. ಗಂಗರತ್ನಮ್ಮ ಒಳಕೋಣೆಯ ಮೂಲೆ ಸೇರಿದಳು. ಸೆಲ್ವಿ ಗಂಜಿ ತಂದು ಕುಡಿಸಲು ಕೂತಾಗ ಒಮ್ಮೆ ಮಾತ್ರ ಬಾಯಿ ಬಿಟ್ಟಳು.

"ಅರ್ಧ ಲೋಟ ಕೊಟ್ಟಿದ್ರೆ ಏನಾಗ್ತಿತ್ತು ಸೆಲ್ವಿ?"

ಸೆಲ್ವಿ ಗಂಜಿಯ ಬಟ್ಟಲನ್ನು ಕೆಳಗಿಟ್ಟು ಅವಳ ಕಾಲು ಒತ್ತುತ್ತ ಕೂತಳು. ಆಮೇಲೆ ಗಂಗರತ್ನಮ್ಮ ಯಾರೊಂದಿಗೂ ಮಾತಾಡಲಿಲ್ಲ. ಅವಳೂ ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ಭಾರ್ಗವಿ ಲೋಟ ಹಿಡಿದುಕೊಂಡು ಬಂದರೆ ಮುಖ ತಿರುಗಿಸುವಳು.

ಕೆಲವು ದಿನ ಕಳೆದು ನಲ್ಲಿಯಲ್ಲಿ ನೀರು ಬಂತು. ಬೀದಿಯಲ್ಲಿ ಕೊಡಗಳ ಸದ್ದು, ಸರದಿಯ ಜಗಳವಿಲ್ಲದ ಸದ್ದು. ಅದು ವಿಚಿತ್ರವೆನಿಸಿ ಗಂಗರತ್ನಮ್ಮ ಕಿಟಕಿಯ ಸಂದಿಯಿಂದ ನೋಡಿದಳು. ಲೈನಿನ ಹೆಂಗಸರು ಒಬ್ಬರ ಹಿಂದೆ ಒಬ್ಬರು ಕೊಡ ಹೊತ್ತು ಬೇಲಿಯೊಳಗೆ ಬರುತ್ತಿದ್ದರು. ತಮ್ಮ ಮನೆಗೆ ಹಿಡಿಯಬೇಕಾದ ನೀರು. ಸೂತಕದ ಮನೆಯ ಬಳ್ಳಿ ಒಣಗಬಾರದೆಂದು, ವೆಂಕಟೇಶಪ್ಪಣ್ಣನ ಕಾಯಿ ಉಳಿಯಬೇಕೆಂದು, ಯಾರೂ ಯಾರಿಗೂ ಹೇಳದೆ, ಪ್ರತಿಯೊಬ್ಬರೂ ಒಂದೊಂದು ಕೊಡವನ್ನು ಬುಡಕ್ಕೆ ಸುರಿಯುತ್ತಿದ್ದರು. ಗುಂಡಿ ತುಂಬಿ ತುಳುಕುತ್ತಿತ್ತು. ಬೀದಿಯುದ್ದಕ್ಕೂ ಇನ್ನೂ ಕೊಡಗಳು ಕಾದಿದ್ದವು.

ಬಲಿತ ಕಾಯಿ. ಹೀಗೆ ಒಮ್ಮೆಲೇ ನೀರು ಕುಡಿದರೆ ಒಳಗಿಂದ ಬಿರಿದು ಬಾಯಿ ಬಿಡುತ್ತದೆ. ಆಮೇಲೆ ಅದು ಕೊಳೆಯುವುದಕ್ಕೆ ಎರಡು ದಿನ ಸಾಕು.

ಹೊರಗೆ ಬರಬಾರದ ದಿನಗಳು ಅವು. ಅವಳು ಕೆದರಿದ ತಲೆಯಲ್ಲೇ ಹಿತ್ತಿಲ ಬಾಗಿಲಿಂದ ಬಂದಳು. ಎದುರು ಮನೆಯ ನಾರಾಯಣಮ್ಮ ಕೊಡ ಬಗ್ಗಿಸುತ್ತಿದ್ದಳು. ಗಂಗರತ್ನಮ್ಮ ಆ ಕೊಡದ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಸಾಕು."

ಅಷ್ಟು ದಿನದ ಮೇಲೆ ಆಡಿದ ಮಾತು. ಧ್ವನಿ ಒಡೆದಿತ್ತು. ನಾರಾಯಣಮ್ಮ ಕೊಡವನ್ನು ಹಾಗೇ ಸೊಂಟಕ್ಕೆ ಎತ್ತಿಕೊಂಡಳು.

"ಸಾಕು ಕಣಕ್ಕಾ. ಪ್ರೀತಿಗೆ ಆಕ್ತಿದೀರಿ, ಗೊತ್ತು. ಆದ್ರೆ ಇನ್ನೊಂದು ಕೊಡ ಆಕಿದ್ರೆ ಒಡೆದೋಗ್ತದೆ."

ಸೆಲ್ವಿ ಬೀದಿಯ ಕಡೆ ತಿರುಗಿ ತಮಿಳಿನಲ್ಲಿ ಕೂಗಿದಳು, "ಪೋದುಂ! ಪೋದುಂ!" ಇನ್ನಾರೋ ಮುಂದಿನವರಿಗೆ ತೆಲುಗಿನಲ್ಲಿ "ಚಾಲು, ಚಾಲಮ್ಮಾ" ಎಂದರು. ಸಾಕೆಂಬ ಆ ಮಾತು ಕೊಡದಿಂದ ಕೊಡಕ್ಕೆ ದಾಟಿ ನಲ್ಲಿಯವರೆಗೂ ಹೋಯಿತು.

ಗಂಗರತ್ನಮ್ಮ ಬಗ್ಗಿ ಕಾಲುವೆಯ ಬಾಯಿಗೆ ಅಡ್ಡವಾಗಿದ್ದ ಮಣ್ಣನ್ನು ಕೈಯಿಂದಲೇ ಬಗೆದಳು. ನಿಂತ ನೀರು ಮೆಲ್ಲಗೆ ಹೊರಟಿತು. ಅದು ಪೂರ್ತಿ ಇಳಿಯುವವರೆಗೂ ಅವಳು ಅಲ್ಲೇ, ಅವನ ಸ್ಟೂಲಿನ ಪಕ್ಕ, ನೆಲದ ಮೇಲೆ ಕೂತಿದ್ದಳು. ಅಳುತ್ತಿದ್ದಳು. ಹಿಂದಿನಿಂದ ಬಂದ ಭಾರ್ಗವಿ ಅವಳ ಕೈಗೆ ಲೋಟ ಕೊಟ್ಟಾಗ ಮುಖ ತಿರುಗಿಸಲಿಲ್ಲ. ಕುಡಿದಳು.

ತಿಥಿಯ ಹೊತ್ತಿಗೆ ತೊಟ್ಟು ಒಣಗಿ ಬೆಂಡಿನಂತಾಗಿತ್ತು. ಕಾಯಿಯನ್ನು ಗೋಣಿಯ ಮೇಲೆ ಉರುಳಿಸಿ ನಾಲ್ವರು ಎತ್ತಿ ತಂದರು. ಮಂಚದ ಕೆಳಗಿನ ಮಚ್ಚನ್ನು ಗಂಗರತ್ನಮ್ಮ ತಂದು, ಗೋಡೆಗೆ ಆನಿಸಿದ್ದ ಅವನ ಫೋಟೋದ ಮುಂದೆ ಒಂದು ಗಳಿಗೆ ಇಟ್ಟು, ರಾಜ್‌ಕುಮಾರನಿಗೆ ಕೊಟ್ಟಳು. "ನೀನು ಆಕಪ್ಪಾ. ಅವರ ಚೀಲ ಒತ್ತ ಕೈ ಅದು." ಅವನು ಎರಡು ಸಲ ತೋಳು ಎತ್ತಿ ಇಳಿಸಿದ. ಕಣ್ಣು ಒರೆಸಿಕೊಂಡು ಮೂರನೆಯ ಸಲ ಒಡೆದ. ಒಳಗೆ ಅರಿಸಿನದ ಬಣ್ಣದ ದಪ್ಪ ತಿರುಳು.

ಬೀದಿಯಲ್ಲೇ ಒಲೆ ಹೂಡಿದ್ದರು. ದೊಡ್ಡ ಪಾತ್ರೆಯಲ್ಲಿ ಹೋಳು ಬೆಂದು, ಬೆಲ್ಲ ಹುಣಿಸೆ ಬಿದ್ದು, ಒಗ್ಗರಣೆಯ ವಾಸನೆ ಲೈನಿಗೆಲ್ಲ ಹಬ್ಬಿತು. ಉಪ್ಪಿನ ಜಾಡಿ ಅಟ್ಟದಿಂದ ಇಳಿಯಿತು. ಎಲ್ಲರೂ ಗಂಗರತ್ನಮ್ಮನ ಕಡೆ ನೋಡಿದರು. ಅವಳು ಹಿಡಿ ತುಂಬಿ ಪಾತ್ರೆಯ ಮೇಲೆ ಕೈ ಚಾಚಿದಳು. ಕೈ ಅಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು.

"ನೀನು ಆಕು ಸೆಲ್ವಿ. ನನ್ ಕೈಗೆ ಅಂದಾಜು ಓಗ್ಬಿಟ್ಟೈತೆ."

"ನಾನಾ? ಅಕ್ಕಾ, ನಂದು ಒಂದಿನ ಕಡಲು, ಒಂದಿನ ಸಪ್ಪೆ. ನಮ್ಮೋರನ್ನ ಕೇಳು."

"ಪರವಾಗಿಲ್ಲ. ಆಕು."

ಸೆಲ್ವಿ ಹಾಕಿದಳು. ಸ್ವಲ್ಪ ಹೆಚ್ಚೇ ಆಯಿತು.

ಕಾಯಿ ಎಲ್ಲರ ಎಲೆಗೂ ಸಾಲಿತು. ತೆಳ್ಳಗೆ ಹೆಚ್ಚಬೇಕಾಗಲಿಲ್ಲ. ಮೊದಲ ಎಡೆ ಅವನದು. ಗಂಗರತ್ನಮ್ಮ ತಾನೇ ಬಡಿಸಿದಳು. ಬಸಿದು ಚೆಲ್ಲದ ಹುಳಿ, ಉಪ್ಪು ಬಿದ್ದ ಹುಳಿ, ಎರಡು ವರ್ಷದಲ್ಲಿ ಅವನ ಎಲೆಗೆ ಮೊದಲ ಸಲ. ಆಮೇಲೆ ಸೆಲ್ವಿಯ ಮನೆಗೆ ಹೋಗಿ ಫ್ರಿಜ್ಜಿನಿಂದ ಬೇತಮಂಗಲದ ನೀರು ತಂದಳು. ಭಾರ್ಗವಿ ಎಡೆಯ ಪಕ್ಕ ಲೋಟ ಇಟ್ಟಿದ್ದಳು. ಅವಳು ಅದನ್ನು ಸರಿಸಿ, ದೊಡ್ಡ ಹಿತ್ತಾಳೆಯ ಚೊಂಬು ಇಟ್ಟು, ನೀರು ಹುಯ್ಯತೊಡಗಿದಳು. ಚೊಂಬು ತುಂಬಿತು. ಕಂಠದವರೆಗೆ ಬಂತು. ಅಂಚಿಗೆ ಬಂದು ನೆಲಕ್ಕೆ ಒಂದೆರಡು ಹನಿ ಚೆಲ್ಲಿತು.

"ಅಮ್ಮಾ" ಎಂದಳು ಭಾರ್ಗವಿ.

ಗಂಗರತ್ನಮ್ಮ ಇನ್ನೂ ಒಂದಿಷ್ಟು ಹುಯ್ದಳು.